ಹಾರ್ಡ್ ಡಿಸ್ಕಿನ ಪಾರ್ಟಿಷನ್ ಮತ್ತು ಫೋಟೋ ಕೆಲಸ: ವೇಗವೂ ಅಮಾನತ್ತೂ

(ಸಂಘದ ಕಂಪ್ಯೂಟರ್ ತರಬೇತಿ ಕೇಂದ್ರದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಈ ವೇದಿಕೆಯಿಂದ ಪ್ರತಿ ವರ್ಷ ವಿದ್ವಾಂಸರು, ಅಧಿಕಾರಿಗಳು ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡಿದ್ದಾರೆ. ಅಂಥ ದೊಡ್ಡ ವಿಷಯವನ್ನು ನಾನು ತಂದಿಲ್ಲ. ಇಪ್ಪತ್ತು ವರ್ಷಗಳಿಂದ ಫೋಟೋ ಸ್ಟುಡಿಯೋ ನಡೆಸುತ್ತಾ, ಕಂಪ್ಯೂಟರನ್ನು ಬಿಚ್ಚಿ ಜೋಡಿಸಿ ಕಲಿತ ಒಬ್ಬ ಕೆಲಸಗಾರ ನಾನು. ನಮ್ಮ ತರಬೇತಿ ಕೇಂದ್ರದಲ್ಲಿ ಕಲಿತ ಹಲವರು ಈಗ ಆಲ್ಬಮ್ ಡಿಸೈನ್ ಮತ್ತು ಫೋಟೋ ತಿದ್ದುವ ಕೆಲಸ ಹಿಡಿದಿದ್ದಾರೆ. ಮನೆಯಲ್ಲೇ ಕುಳಿತು ಗೌರವದಿಂದ ಸಂಪಾದಿಸುವ ಹೆಣ್ಣುಮಕ್ಕಳೂ ಅವರಲ್ಲಿದ್ದಾರೆ. ಈ ಭಾಷಣಕ್ಕೆ ಮೊದಲು ನಿಮ್ಮ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಲು ಕಾರ್ಯದರ್ಶಿಗಳು ಹೇಳಿದ್ದರು. ಹೆಚ್ಚಿನ ಚೀಟಿಗಳಲ್ಲಿ ಇದ್ದದ್ದು ಒಂದೇ ಪ್ರಶ್ನೆ: "ಸರ್, ಫೋಟೋಶಾಪ್ ವೇಗವಾಗಿ ಓಡಬೇಕಾದರೆ ಹಾರ್ಡ್ ಡಿಸ್ಕನ್ನು ಎಷ್ಟು ಭಾಗ ಮಾಡಬೇಕು?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಡಿಸ್ಕನ್ನು ಎಷ್ಟು ಭಾಗ ಮಾಡಿದರೂ ಅದು ಎರಡು ಡಿಸ್ಕ್ ಆಗುವುದಿಲ್ಲ. ವೇಗದ ವಿಷಯದಲ್ಲೂ ಆಗುವುದಿಲ್ಲ, ಸುರಕ್ಷತೆಯ ವಿಷಯದಲ್ಲೂ ಆಗುವುದಿಲ್ಲ. ಮೊದಲನೆಯದು ಗೊತ್ತಿಲ್ಲದಿದ್ದರೆ ನಿಮ್ಮ ಸಮಯ ಹಾಳಾಗುತ್ತದೆ. ಎರಡನೆಯದು ಗೊತ್ತಿಲ್ಲದಿದ್ದರೆ ಬೇರೆಯವರ ಸೊತ್ತು ಹಾಳಾಗುತ್ತದೆ. ನನ್ನ ಕೈಯಲ್ಲಿ ಎರಡೂ ಹಾಳಾಗಿವೆ. ಆದ್ದರಿಂದ ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ.

2012ರಲ್ಲಿ ನಡೆದ ಮಾತು

ಆಗ ನನ್ನ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಅದರಲ್ಲಿ 1 ಟಿಬಿಯ ಒಂದೇ ಹಾರ್ಡ್ ಡಿಸ್ಕ್. ಅದನ್ನು ನಾನೇ ನಾಲ್ಕು ಭಾಗ ಮಾಡಿದ್ದೆ. ಸಿ ಯಲ್ಲಿ ವಿಂಡೋಸ್, ಡಿ ಯಲ್ಲಿ ಫೋಟೋಶಾಪಿನ ತಾತ್ಕಾಲಿಕ ಕೆಲಸದ ಜಾಗ, ಇ ಯಲ್ಲಿ ಗ್ರಾಹಕರ ಫೋಟೋಗಳು, ಎಫ್‌ನಲ್ಲಿ ಅವೇ ಫೋಟೋಗಳ ಇನ್ನೊಂದು ಪ್ರತಿ. ಎಫ್ ಡ್ರೈವ್‌ಗೆ 'ಬ್ಯಾಕಪ್' ಎಂದು ಹೆಸರನ್ನೂ ಕೊಟ್ಟಿದ್ದೆ. ನೋಡುವವರಿಗೆ ಎಷ್ಟು ಅಚ್ಚುಕಟ್ಟು! ನನಗೂ ನನ್ನ ಬುದ್ಧಿವಂತಿಕೆಯ ಬಗ್ಗೆ ಹೆಮ್ಮೆ ಇತ್ತು.

ಆ ವರ್ಷದ ಮಳೆಗಾಲದ ಒಂದು ಬೆಳಿಗ್ಗೆ ಯಂತ್ರ ಚಾಲೂ ಮಾಡಿದಾಗ ಡಬ್ಬದೊಳಗಿಂದ ಟಿಕ್ ಟಿಕ್ ಎಂಬ ಸದ್ದು. ನಾಲ್ಕು ಡ್ರೈವ್‌ಗಳೂ ಒಟ್ಟಿಗೆ ಮಾಯವಾದವು. ದುರಸ್ತಿಯವರು ಬಿಚ್ಚಿ ನೋಡಿ, ತಟ್ಟೆಯ ಮೇಲೆಯೇ ಗೆರೆ ಬಿದ್ದಿದೆ, ಏನೂ ಸಿಗುವುದಿಲ್ಲ ಎಂದರು. ಒಂದು ತಿಂಗಳ ಹಿಂದೆ ತೆಗೆದಿದ್ದ ಒಂದು ನಿಕಾಹ್‌ನ ಫೋಟೋಗಳು ಅದರಲ್ಲಿದ್ದವು. ಮದುಮಗಳ ಅಜ್ಜಿ ಹಾಸಿಗೆಯಿಂದ ಎದ್ದು ಬಂದು ಮೊಮ್ಮಗಳ ಕೈ ಹಿಡಿದು ಕುಳಿತಿದ್ದ ಚಿತ್ರವೂ ಇತ್ತು. ಅವರು ಆ ಮದುವೆಯಾಗಿ ಇಪ್ಪತ್ತು ದಿನಕ್ಕೆ ತೀರಿಹೋಗಿದ್ದರು. ಮನೆಯವರಿಗೆ ಆಲ್ಬಮ್‌ನಲ್ಲಿ ಮೊದಲು ಬೇಕಿದ್ದದ್ದು ಆ ಚಿತ್ರ.

ಮದುಮಗಳ ತಂದೆಯ ಮುಂದೆ ಹೋಗಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಂಗಡ ಹಣವನ್ನು ಮೇಜಿನ ಮೇಲಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಬೇಕೆಂದು ಮಾಡಿದ್ದಲ್ಲವಲ್ಲ ಮಗಾ" ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಿರಲಿಲ್ಲವೋ ಏನೋ. ಇ ಯಲ್ಲಿದ್ದ ಫೋಟೋವೂ ಎಫ್‌ನಲ್ಲಿದ್ದ ಪ್ರತಿಯೂ ಒಂದೇ ತಟ್ಟೆಗಳ ಮೇಲಿದ್ದವು ಎಂಬ ಸರಳ ಸಂಗತಿ ನನಗೆ ಆ ದಿನ ಅರ್ಥವಾಯಿತು.

ಸಿ, ಡಿ, ಇ, ಎಫ್ ಎಲ್ಲಿಂದ ಬಂದವು?

ಹಾಗಾದರೆ ಒಂದು ಡಿಸ್ಕನ್ನು ತುಂಡು ಮಾಡುವ ಅಭ್ಯಾಸ ಎಲ್ಲಿಂದ ಬಂತು? ಮೊತ್ತಮೊದಲ ಹಾರ್ಡ್ ಡಿಸ್ಕ್ ಯಂತ್ರವನ್ನು ಐಬಿಎಂ ಕಂಪನಿ 1956ರಲ್ಲಿ ಹೊರತಂದಿತು. ಅದರಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಒಟ್ಟು ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಕ್ಯಾಮೆರಾದ 24 ಮೆಗಾಪಿಕ್ಸೆಲ್ ಚಿತ್ರವೊಂದು ಬಿಚ್ಚಿದಾಗ 7 ಕೋಟಿ 20 ಲಕ್ಷ ಬೈಟ್ ಆಗುತ್ತದೆ. ಅಂದರೆ ನಿಮ್ಮ ಒಂದು ಫೋಟೋ ಇಡಲು ಅಂಥ ಹದಿನಾಲ್ಕಕ್ಕೂ ಹೆಚ್ಚು ಯಂತ್ರಗಳು ಬೇಕಾಗುತ್ತಿದ್ದವು.

ಮುಂದೆ ಮನೆ ಕಂಪ್ಯೂಟರುಗಳು ಬಂದಾಗ ಎ ಮತ್ತು ಬಿ ಅಕ್ಷರಗಳು ಫ್ಲಾಪಿಗೆ ಹೋದವು, ಹಾರ್ಡ್ ಡಿಸ್ಕಿಗೆ ಸಿ ಸಿಕ್ಕಿತು. ಆ ಕಾಲದ ಡಾಸ್ ಮತ್ತು ಮೊದಲ ವಿಂಡೋಸ್ 95 ಬಳಸುತ್ತಿದ್ದ ಫ್ಯಾಟ್ 16 ಎಂಬ ಕಡತ ವ್ಯವಸ್ಥೆಯಲ್ಲಿ ಒಂದು ಪಾರ್ಟಿಷನ್ 2 ಜಿಬಿಗಿಂತ ದೊಡ್ಡದಿರಲು ಸಾಧ್ಯವಿರಲಿಲ್ಲ. 8 ಜಿಬಿಯ ಡಿಸ್ಕ್ ತಂದರೆ ನಾಲ್ಕು ತುಂಡು ಮಾಡಲೇಬೇಕಿತ್ತು. 1996ರಲ್ಲಿ ಫ್ಯಾಟ್ 32 ಬಂದು ಆ ಮಿತಿ ಹೋಯಿತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಂದಿಗೆ ಎನ್‌ಟಿಎಫ್‌ಎಸ್ ಮನೆ ಮನೆಗೂ ತಲುಪಿತು. ಕಾರಣ ಹೋಯಿತು, ಅಭ್ಯಾಸ ಉಳಿಯಿತು. ಕಂಪ್ಯೂಟರ್ ಜೋಡಿಸಿಕೊಡುವವರು ಇಂದಿಗೂ ಕೇಳದೆಯೇ ನಾಲ್ಕು ಭಾಗ ಮಾಡಿಕೊಡುವುದುಂಟು. ಅದರಿಂದ ವೇಗ ಹೆಚ್ಚುತ್ತದೆ ಎಂಬ ಮಾತೂ ಅದರ ಜೊತೆಗೇ ಬರುತ್ತದೆ.

ಡಿಸ್ಕಿನೊಳಗೆ ಏನು ನಡೆಯುತ್ತದೆ?

ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ತಿರುಗುತ್ತಿರುತ್ತವೆ. ಅವುಗಳ ಮೇಲೆ ಒಂದು ತೋಳು ಓಡಾಡುತ್ತದೆ, ತೋಳಿನ ತುದಿಯಲ್ಲಿ ಓದುವ ಬರೆಯುವ ಹೆಡ್ ಇರುತ್ತದೆ. ತಟ್ಟೆಗಳು ಹಲವಾದರೂ ಹೆಡ್‌ಗಳೆಲ್ಲ ಒಂದೇ ತೋಳಿಗೆ ಅಂಟಿಕೊಂಡು ಒಟ್ಟಿಗೇ ಚಲಿಸುತ್ತವೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120 ಸುತ್ತು. ಬೇಕಾದ ಜಾಗ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು 4 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ತೋಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಇನ್ನೂ 8ರಿಂದ 9 ಮಿಲಿಸೆಕೆಂಡ್. ಹೀಗೆ ಒಂದೊಂದು ಹುಡುಕಾಟಕ್ಕೂ ಸುಮಾರು 12 ಮಿಲಿಸೆಕೆಂಡ್ ಖರ್ಚಾಗುತ್ತದೆ. ಸೆಕೆಂಡಿಗೆ ಹೆಚ್ಚೆಂದರೆ 80 ಹುಡುಕಾಟ. ಒಂದೇ ಕಡೆ ನಿಂತು ಸಾಲಾಗಿ ಓದಿದರೆ ಅದೇ ಡಿಸ್ಕ್ ಸೆಕೆಂಡಿಗೆ 150 ಎಂಬಿಗೂ ಹೆಚ್ಚು ಕೊಡಬಲ್ಲದು. ಒಮ್ಮೆ ಓಡಾಡುವ ಸಮಯದಲ್ಲಿ ಸುಮಾರು 2 ಎಂಬಿ ಓದಿ ಮುಗಿಸಬಹುದಿತ್ತು ಎಂದಾಯಿತು.

ಈಗ ಒಂದು ಮದುವೆ ಹಾಲ್ ನೆನಪಿಸಿಕೊಳ್ಳಿ. ಬಡಿಸಲು ಒಬ್ಬನೇ ಇದ್ದಾನೆ. ನಾವು ಹಾಲ್‌ನ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡುತ್ತೇವೆ. ಬಡಿಸುವವರು ಇಬ್ಬರಾದರೇ? ಇಲ್ಲ. ಅವನು ಪರದೆಯ ಈ ಕಡೆ ಒಂದು ಎಲೆಗೆ, ಆ ಕಡೆ ಒಂದು ಎಲೆಗೆ ಓಡಬೇಕಾಗುತ್ತದೆ. ಊಟ ಮೊದಲಿಗಿಂತ ತಡವಾಗುತ್ತದೆ. ನನ್ನ ಡಿ ಡ್ರೈವ್‌ನಲ್ಲಿ ಆದದ್ದು ಇದೇ. ಫೋಟೋಶಾಪ್ ಇ ಯಿಂದ ಚಿತ್ರ ಓದುತ್ತಿತ್ತು, ಡಿ ಯಲ್ಲಿ ತಾತ್ಕಾಲಿಕ ಕಡತ ಬರೆಯುತ್ತಿತ್ತು, ವಿಂಡೋಸ್ ಸಿ ಯಲ್ಲಿ ತನ್ನ ಕೆಲಸ ಮಾಡುತ್ತಿತ್ತು. ಮೂರು ಕಡೆಗೂ ಓಡುತ್ತಿದ್ದದ್ದು ಒಂದೇ ತೋಳು.

ಪಾರ್ಟಿಷನ್‌ನಿಂದ ವೇಗ ಸಿಗುವುದೇ ಇಲ್ಲವೇ ಎಂದರೆ, ಒಂದು ಸಣ್ಣ ಲಾಭವಿದೆ. ತಟ್ಟೆಯ ಹೊರ ಅಂಚಿನ ವರ್ತುಲ ಉದ್ದವಾದದ್ದು. ಒಂದು ಸುತ್ತಿನಲ್ಲಿ ಅಲ್ಲಿ ಹೆಚ್ಚು ಮಾಹಿತಿ ಹೆಡ್‌ನ ಕೆಳಗೆ ಹಾದುಹೋಗುತ್ತದೆ. ಒಳ ಅಂಚಿನಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಡಿಸ್ಕಿನ ಲೆಕ್ಕ ಹೊರಗಿನಿಂದ ಆರಂಭವಾಗುವುದರಿಂದ ಮೊದಲ ಪಾರ್ಟಿಷನ್ ವೇಗದ ಜಾಗದಲ್ಲಿರುತ್ತದೆ. ಅದನ್ನು ಚಿಕ್ಕದಾಗಿಟ್ಟರೆ ತೋಳಿನ ಓಡಾಟವೂ ಕಡಿಮೆ. ಲಾಭ ಇಷ್ಟೇ.

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಒಂದು ಹುಡುಕಾಟಕ್ಕೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು, ಅದಕ್ಕೂ ಕಡಿಮೆ ಆಗುವುದುಂಟು. ಸಾಟಾ ತಂತಿಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಮದರ್‌ಬೋರ್ಡಿಗೆ ನೇರ ಕೂರುವ ಎನ್‌ವಿಎಂಇ ಬಗೆಯದು 3000 ಎಂಬಿ ದಾಟುತ್ತದೆ. ಅದರಲ್ಲಿ ಹೊರ ಅಂಚು ಒಳ ಅಂಚು ಎಂಬುದಿಲ್ಲ. ಆದ್ದರಿಂದ ಪಾರ್ಟಿಷನ್ ಎಲ್ಲಿದ್ದರೂ ವೇಗದಲ್ಲಿ ವ್ಯತ್ಯಾಸವಿಲ್ಲ.

ಫೋಟೋಶಾಪ್ ಡಿಸ್ಕನ್ನು ಏಕೆ ಕೇಳುತ್ತದೆ?

12 ಇಂಚು ಎತ್ತರ, 36 ಇಂಚು ಅಗಲದ ಕರಿಜ್ಮಾ ಆಲ್ಬಮ್ ಹಾಳೆ ನಿಮಗೆಲ್ಲ ಪರಿಚಿತ. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಅದು 3600 ಗುಣಿಸು 10800, ಅಂದರೆ ಸುಮಾರು 3 ಕೋಟಿ 89 ಲಕ್ಷ ಪಿಕ್ಸೆಲ್. ಕೆಂಪು, ಹಸಿರು, ನೀಲಿ ಮೂರು ಬಣ್ಣಕ್ಕೆ ಒಂದೊಂದು ಬೈಟ್‌ನಂತೆ ಸುಮಾರು 117 ಎಂಬಿ. 16 ಬಿಟ್‌ನಲ್ಲಿ ಕೆಲಸ ಮಾಡಿದರೆ ಇದರ ಎರಡರಷ್ಟು. ಇದು ಒಂದೇ ಪೂರ್ಣ ಲೇಯರಿನ ಲೆಕ್ಕ. ಹಿನ್ನೆಲೆ, ಚಿತ್ರಗಳು, ನೆರಳು, ಹೂವಿನ ಅಂಚು ಎಂದು ಲೇಯರ್ ಸೇರಿಸುತ್ತಾ ಹೋದರೆ ಒಂದು ಹಾಳೆಯೇ 1 ಜಿಬಿ ಮುಟ್ಟುವುದು ಕಷ್ಟವಲ್ಲ. ಇದರ ಮೇಲೆ, ನೀವು ಹಿಂದಕ್ಕೆ ಹೋಗಲು ಅನುಕೂಲವಾಗಲೆಂದು ಫೋಟೋಶಾಪ್ ನಿಮ್ಮ ಹಿಂದಿನ ಹೆಜ್ಜೆಗಳನ್ನೂ ಇಟ್ಟುಕೊಳ್ಳುತ್ತದೆ. ಮೂರು ನಾಲ್ಕು ಹಾಳೆ ಒಟ್ಟಿಗೆ ತೆರೆದಿಟ್ಟರೆ ಲೆಕ್ಕ ನೀವೇ ಮಾಡಿಕೊಳ್ಳಿ.

ಇವೆಲ್ಲ ರ್‍ಯಾಮ್‌ನಲ್ಲಿ ಹಿಡಿಸದಿದ್ದಾಗ ಉಳಿದದ್ದನ್ನು ಫೋಟೋಶಾಪ್ ಡಿಸ್ಕಿನ ಮೇಲೆ ತಾತ್ಕಾಲಿಕವಾಗಿ ಬರೆದಿಡುತ್ತದೆ. ಆ ಜಾಗವೇ ಸ್ಕ್ರ್ಯಾಚ್ ಡಿಸ್ಕ್. ಅದು ವಿಂಡೋಸ್ ಇರುವ ಡಿಸ್ಕಿಗಿಂತ ಬೇರೆ ಡಿಸ್ಕಿನಲ್ಲಿರಲಿ ಎಂಬ ಸಲಹೆ ಬಹಳ ಹಿಂದಿನಿಂದ ಇದೆ. ಅದರಲ್ಲಿ 'ಬೇರೆ ಡಿಸ್ಕ್' ಎಂದರೆ ಬೇರೆ ಯಂತ್ರಭಾಗ. ನಾವು ಅದನ್ನು 'ಬೇರೆ ಅಕ್ಷರ' ಎಂದು ಓದಿಕೊಂಡೆವು. ತಪ್ಪಿದ್ದು ಅಲ್ಲೇ.

ಮೂರು ಬಗೆಯ ಯಂತ್ರ, ಮೂರು ಬಗೆಯ ಏರ್ಪಾಡು

ನಿಮ್ಮಲ್ಲಿ ಹೆಚ್ಚಿನವರ ಬಳಿ ಈ ಮೂರರಲ್ಲಿ ಒಂದು ಇರುತ್ತದೆ.

ಮೊದಲನೆಯದು, ಒಂದೇ ಹಾರ್ಡ್ ಡಿಸ್ಕ್ ಇರುವ ಹಳೆಯ ಡೆಸ್ಕ್‌ಟಾಪ್. ಎರಡು ಭಾಗ ಸಾಕು. ಮೊದಲನೆಯದು 150ರಿಂದ 200 ಜಿಬಿ. ಅದರಲ್ಲಿ ವಿಂಡೋಸ್, ತಂತ್ರಾಂಶಗಳು, ಸ್ಕ್ರ್ಯಾಚ್ ಎಲ್ಲವೂ. ಅಲ್ಲಿ 50 ಜಿಬಿಯಷ್ಟು ಸದಾ ಖಾಲಿ ಇರಲಿ. ಉಳಿದದ್ದೆಲ್ಲ ಫೋಟೋಗಳಿಗೆ. ಸ್ಕ್ರ್ಯಾಚ್ ಅನ್ನು ಎರಡನೇ ಭಾಗಕ್ಕೆ ಹಾಕಿ ಲಾಭವಿಲ್ಲ, ತೋಳಿನ ಓಟ ಉದ್ದವಾಗುತ್ತದೆ ಅಷ್ಟೇ. ಕೈಯಲ್ಲಿ ಸ್ವಲ್ಪ ಹಣ ಬಂದಾಗ ಪಾರ್ಟಿಷನ್ ಬದಲಿಸುತ್ತಾ ಕೂರಬೇಡಿ. ಮೊದಲು ರ್‍ಯಾಮ್ ಹೆಚ್ಚಿಸಿ, 16 ಜಿಬಿ ಇದ್ದರೆ ಒಳ್ಳೆಯದು. ನಂತರ ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿಸಿ.

ಎರಡನೆಯದು, ಒಂದು ಎಸ್‌ಎಸ್‌ಡಿ ಮತ್ತು ಒಂದು ಹಾರ್ಡ್ ಡಿಸ್ಕ್ ಇರುವ ಯಂತ್ರ. ಸ್ಟುಡಿಯೋ ಕೆಲಸಕ್ಕೆ ಹಣಕ್ಕೆ ತಕ್ಕ ಬೆಲೆ ಕೊಡುವುದು ಇದೇ. ಎಸ್‌ಎಸ್‌ಡಿಯಲ್ಲಿ ವಿಂಡೋಸ್, ತಂತ್ರಾಂಶ, ಸ್ಕ್ರ್ಯಾಚ್, ಲೈಟ್‌ರೂಮ್‌ನ ಕ್ಯಾಟಲಾಗ್ ಮತ್ತು ಪ್ರಿವ್ಯೂ, ಕ್ಯಾಮೆರಾ ರಾ ಕ್ಯಾಶ್, ಜೊತೆಗೆ ಈ ವಾರ ಕೈಯಲ್ಲಿರುವ ಕೆಲಸ. ಹಾರ್ಡ್ ಡಿಸ್ಕಿನಲ್ಲಿ ಮುಗಿದ ಕೆಲಸ. "ಬೇರೆ ಡಿಸ್ಕಿನಲ್ಲಿ ಸ್ಕ್ರ್ಯಾಚ್ ಇರಬೇಕು" ಎಂದು ಅದನ್ನು ನಿಧಾನದ ಹಾರ್ಡ್ ಡಿಸ್ಕಿಗೆ ಹಾಕುವವರಿದ್ದಾರೆ. ಅದು ಬೇಡ, ವೇಗದ ಎಸ್‌ಎಸ್‌ಡಿಯಲ್ಲೇ ಇರಲಿ. ಮುಂದೆ ಇನ್ನೊಂದು ಎಸ್‌ಎಸ್‌ಡಿ ಬಂದರೆ ಸ್ಕ್ರ್ಯಾಚ್ ಮತ್ತು ಕೈಯಲ್ಲಿರುವ ಕೆಲಸವನ್ನು ಅದಕ್ಕೆ ವರ್ಗಾಯಿಸಿ.

ಮೂರನೆಯದು, ಒಂದೇ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್. ಇಲ್ಲಿ ಪಾರ್ಟಿಷನ್‌ನಿಂದ ತೊಂದರೆಯಾಗುವುದನ್ನೇ ನಾನು ಹೆಚ್ಚು ನೋಡಿದ್ದೇನೆ. 256 ಜಿಬಿ ಎಂದು ಬರೆದಿರುವ ಎಸ್‌ಎಸ್‌ಡಿಯನ್ನು ವಿಂಡೋಸ್ 238 ಜಿಬಿ ಎಂದು ತೋರಿಸುತ್ತದೆ. ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಮೋಸವೇನಿಲ್ಲ. ಅಂಗಡಿಯವರು ಅದನ್ನು ಸಿ ಗೆ 80, ಡಿ ಗೆ 158 ಎಂದು ಹಂಚಿಕೊಡುತ್ತಾರೆ. ಆರು ತಿಂಗಳಲ್ಲಿ ಸಿ ತುಂಬುತ್ತದೆ. ಆಲ್ಬಮ್ ಹಾಳೆ ತೆರೆದರೆ ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ ಎಂದು ಫೋಟೋಶಾಪ್ ಹಟ ಹಿಡಿಯುತ್ತದೆ, ಡಿ ಯಲ್ಲಿ ನೂರು ಜಿಬಿ ಖಾಲಿ ಬಿದ್ದಿರುತ್ತದೆ. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಇದೇ ಕಾರಣಕ್ಕೆ ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟಿದ್ದಳು. ಫೋಟೋಶಾಪಿನ ಪ್ರಿಫರೆನ್ಸಸ್‌ನಲ್ಲಿ ಸ್ಕ್ರ್ಯಾಚ್ ಡಿಸ್ಕ್ ಪಟ್ಟಿಗೆ ಹೋಗಿ ಡಿ ಯ ಎದುರು ಗುರುತು ಹಾಕಿದೆವು. ಎರಡು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ಒಂದೇ ಎಸ್‌ಎಸ್‌ಡಿ ಆದ್ದರಿಂದ ಸ್ಕ್ರ್ಯಾಚ್ ಡಿ ಯಲ್ಲಿದ್ದರೂ ವೇಗ ಕಡಿಮೆಯಾಗುವುದಿಲ್ಲ. ಫೋಟೋಶಾಪ್ ತೆರೆಯದೇ ಹೋದರೆ, ಅದು ಆರಂಭವಾಗುವಾಗಲೇ ಕಂಟ್ರೋಲ್ ಮತ್ತು ಆಲ್ಟ್ ಕೀಗಳನ್ನು ಒತ್ತಿ ಹಿಡಿಯಿರಿ, ಆ ಪಟ್ಟಿ ಮೊದಲೇ ಬರುತ್ತದೆ. ಚಿಕ್ಕ ಎಸ್‌ಎಸ್‌ಡಿಯನ್ನು ಭಾಗ ಮಾಡದೇ ಇಡುವುದೇ ಲೇಸು. 512 ಜಿಬಿ ಅಥವಾ ಹೆಚ್ಚಿದ್ದರೆ ಎರಡು ಭಾಗ ಮಾಡಬಹುದು. ವಿಂಡೋಸ್ ಹೊಸದಾಗಿ ಹಾಕಿಸುವಾಗ ಕೆಲಸದ ಕಡತಗಳನ್ನು ಮುಟ್ಟಬೇಕಾಗಿಲ್ಲ ಎಂಬುದು ಅದರ ಅನುಕೂಲ. ಯಾವ ಎಸ್‌ಎಸ್‌ಡಿಯನ್ನೂ ಕಂಠಮಟ್ಟ ತುಂಬಬೇಡಿ. ಐದರಲ್ಲಿ ಒಂದು ಪಾಲು ಖಾಲಿ ಇದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಫೋಟೋಶಾಪ್ ಕೊಳ್ಳಲಾಗದವರು ಕದ್ದ ಪ್ರತಿಯ ಮೊರೆ ಹೋಗಬೇಡಿ. ಗಿಂಪ್ ಉಚಿತವಾಗಿ ಸಿಗುತ್ತದೆ. ಅದರ ಪ್ರಿಫರೆನ್ಸಸ್‌ನಲ್ಲೂ ಸ್ವಾಪ್ ಫೋಲ್ಡರ್ ಎಲ್ಲಿರಬೇಕೆಂದು ಹೇಳುವ ಜಾಗವಿದೆ. ನಾನು ಹೇಳಿದ ಲೆಕ್ಕವೆಲ್ಲ ಅದಕ್ಕೂ ಅನ್ವಯಿಸುತ್ತದೆ.

ಪಾರ್ಟಿಷನ್ ಮಾಡುವಾಗ

ಮಾಡಲೇಬೇಕೆಂದಿದ್ದರೆ ಕೆಲವು ಎಚ್ಚರಿಕೆಗಳು. ಮೊದಲು ಎಲ್ಲ ಫೋಟೋಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ನಾಲ್ಕಾರು ಫೋಟೋ ತೆರೆದು ನೋಡಿ. ಮಳೆಗಾಲದಲ್ಲಿ ನಮ್ಮಲ್ಲಿ ವಿದ್ಯುತ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಯುಪಿಎಸ್ ಇಲ್ಲದೆ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಹಾಕಿರುವುದುಂಟು. ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಸಿಗುತ್ತದೆ. ಇರುವ ಪಾರ್ಟಿಷನ್‌ನ ಮೇಲೆ ಬಲ ಕ್ಲಿಕ್ ಮಾಡಿ 'ಶ್ರಿಂಕ್' ಆಯ್ದರೆ ಅದು ಕುಗ್ಗಿ ಖಾಲಿ ಜಾಗ ಹುಟ್ಟುತ್ತದೆ. ಅಲ್ಲಿ ಹೊಸದನ್ನು ಮಾಡಬಹುದು. ಆದರೆ ಪಾರ್ಟಿಷನ್ ಹಿಗ್ಗಿಸಬೇಕಾದರೆ ಖಾಲಿ ಜಾಗ ಅದರ ಬಲಗಡೆಗೇ ಅಂಟಿಕೊಂಡಿರಬೇಕು, ನಡುವೆ ಬೇರೊಂದು ಪಾರ್ಟಿಷನ್ ಇದ್ದರೆ ಆಗುವುದಿಲ್ಲ. ಆದ್ದರಿಂದ ಮೊದಲೇ ಯೋಚಿಸಿ ಅಳತೆ ಇಡಿ. ಹೊಸ ಡಿಸ್ಕಿಗೆ ಎಂಬಿಆರ್ ಬೇಕೋ ಜಿಪಿಟಿ ಬೇಕೋ ಎಂದು ವಿಂಡೋಸ್ ಕೇಳಿದರೆ ಜಿಪಿಟಿ ಎನ್ನಿ. ಎಂಬಿಆರ್ ಸಾಮಾನ್ಯವಾಗಿ 2 ಟಿಬಿಯಿಂದಾಚೆಗೆ ಕಾಣದು. ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇರಲಿ. ಫ್ಯಾಟ್ 32ರಲ್ಲಿ 4 ಜಿಬಿ ಮೀರಿದ ಒಂದು ಕಡತ ಉಳಿಯುವುದಿಲ್ಲ, ಮದುವೆಯ ವೀಡಿಯೋ ಹಾಕುವವರಿಗೆ ಇದು ಗೊತ್ತಿರಬೇಕು. ಹೊರಗಿನ ಡಿಸ್ಕಿಗೆ ಸದಾ ಒಂದೇ ಅಕ್ಷರ ಕೊಡಿ. ಅಕ್ಷರ ಬದಲಾದರೆ ಲೈಟ್‌ರೂಮ್ ಫೋಟೋಗಳು ಕಳೆದಿವೆ ಎಂದು ಪ್ರಶ್ನೆ ಗುರುತು ತೋರಿಸುತ್ತದೆ.

ಹೇಳಿದ್ದನ್ನು ನಂಬಬೇಡಿ, ಪರೀಕ್ಷಿಸಿ

ನಾನು ಹೇಳಿದ್ದನ್ನೂ ಸುಮ್ಮನೆ ಒಪ್ಪಬೇಡಿ. ಬೆಳಕು ಮತ್ತು ದೃಷ್ಟಿಯ ಬಗ್ಗೆ ಏಳು ಭಾಗಗಳ 'ಕಿತಾಬ್ ಅಲ್ ಮನಾಝಿರ್' ಬರೆದ ಇಬ್ನುಲ್ ಹೈಸಮ್ ಅವರ ಹೆಸರನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ, ಕೈರೋದಲ್ಲಿ ಬಾಳಿದವರು. ಅವರ ಕೆಲಸದ ರೀತಿಯನ್ನು ಕಲಿತವರು ಕಡಿಮೆ. ಅವರು ಕತ್ತಲೆ ಕೋಣೆಗೆ ಒಂದು ರಂಧ್ರ ಮಾಡಿ, ಹೊರಗೆ ಹಲವು ದೀಪಗಳನ್ನಿಟ್ಟರು. ಒಳಗಿನ ಗೋಡೆಯ ಮೇಲೆ ಅಷ್ಟೇ ಬೆಳಕಿನ ಮಚ್ಚೆಗಳು ಬಿದ್ದವು. ಒಂದು ದೀಪಕ್ಕೆ ಮರೆ ಹಿಡಿದರೆ ಅದರ ಮಚ್ಚೆ ಮಾತ್ರ ಮಾಯ, ಮರೆ ತೆಗೆದರೆ ಮತ್ತೆ ಹಾಜರ್. ಬೆಳಕುಗಳು ರಂಧ್ರದಲ್ಲಿ ಒಂದಕ್ಕೊಂದು ಬೆರೆಯುವುದಿಲ್ಲ ಎಂದು ಹೀಗೆ ತೋರಿಸಿದರು.

ನಮ್ಮ ಕೆಲಸಕ್ಕೂ ಇದೇ ದಾರಿ. ಒಮ್ಮೆಗೆ ಒಂದನ್ನೇ ಬದಲಿಸಿ. ಫೋಟೋಶಾಪ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ 'ಎಫಿಶಿಯೆನ್ಸಿ' ಎಂಬುದನ್ನು ಆಯ್ದುಕೊಳ್ಳಿ. ಕೆಲಸ ಮಾಡುವಾಗ ಅದು 100 ಎಂದೇ ಇದ್ದರೆ ಸ್ಕ್ರ್ಯಾಚ್ ಬಳಕೆಯಾಗುತ್ತಲೇ ಇಲ್ಲ. ಡಿಸ್ಕ್ ಬದಲಿಸಿ ಈ ಕೆಲಸದಲ್ಲಿ ಏನೂ ಸಿಗದು. ಅದು ಪದೇ ಪದೇ 100ಕ್ಕಿಂತ ಕೆಳಗಿಳಿದರೆ ಮೊದಲು ರ್‍ಯಾಮ್, ಆಮೇಲೆ ಸ್ಕ್ರ್ಯಾಚ್ ಇರುವ ಡಿಸ್ಕ್ ನೋಡಿ. ಒಂದೇ ಆಲ್ಬಮ್ ಹಾಳೆ ತೆರೆದು, ಒಂದೇ ಆಕ್ಷನ್ ಓಡಿಸಿ, ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಮೂರು ಬಾರಿ ಸಮಯ ಬರೆದುಕೊಳ್ಳಿ. ಒಂದು ಬದಲಾವಣೆ ಮಾಡಿ, ಮತ್ತೆ ಮೂರು ಬಾರಿ. ಪುಸ್ತಕದಲ್ಲಿ ಬರೆದ ಆ ಆರು ಅಂಕಿಗಳು ಅಂಗಡಿಯವರ ಮಾತಿಗಿಂತಲೂ, ನನ್ನ ಭಾಷಣಕ್ಕಿಂತಲೂ ನಂಬಲರ್ಹ.

ಅಮಾನತ್

ಕಚೇರಿಯ ಕನ್ನಡದಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು. ನಮ್ಮ ಮನೆಗಳಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ಸೊತ್ತು. ಗ್ರಾಹಕರ ಫೋಟೋ ನಮ್ಮ ಕೈಯಲ್ಲಿರುವ ಅಮಾನತ್. ಮದುವೆ ಮತ್ತೆ ನಡೆಯುವುದಿಲ್ಲ, ಆ ಅಜ್ಜಿ ಮತ್ತೆ ಬಂದು ಕೂರುವುದಿಲ್ಲ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿಯವರ (ಸ) ಬೋಧನೆಯನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ನಾನು ಹಗ್ಗವನ್ನು ಒಂಟೆಯ ಕಾಲಿಗೇ ಸುತ್ತಿ, ಕಟ್ಟಿದ್ದೇನೆ ಎಂದುಕೊಂಡಿದ್ದೆ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಎಂಬ ನಿಯಮವಿದೆ. ಒಟ್ಟು 3 ಪ್ರತಿ, 2 ಬಗೆಯ ಸಾಧನಗಳಲ್ಲಿ, 1 ಪ್ರತಿ ಬೇರೆ ಜಾಗದಲ್ಲಿ. ನಮ್ಮ ಮಟ್ಟಿಗೆ ಹೀಗೆ ಮಾಡಬಹುದು: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಸ್ಟುಡಿಯೋದಲ್ಲಿ ಕೆಲಸವಾದರೆ ಮನೆಯಲ್ಲಿ, ಮನೆಯಲ್ಲಿ ಕೆಲಸವಾದರೆ ನಂಬಿಕಸ್ಥ ಬಂಧುಗಳ ಮನೆಯಲ್ಲಿ ಬೀಗ ಹಾಕಿದ ಇನ್ನೊಂದು ಡಿಸ್ಕ್. ಮೂರೂ ಪ್ರತಿ ಆಗುವವರೆಗೆ ಕ್ಯಾಮೆರಾದ ಕಾರ್ಡ್ ಅಳಿಸಬೇಡಿ. ಹೊರಗಿನ ಡಿಸ್ಕನ್ನು ನಕಲು ಮುಗಿದ ಕೂಡಲೇ ಬಿಚ್ಚಿಡಿ. ಸಿಡಿಲು ಬಡಿದರೆ, ವೈರಸ್ ಹೊಕ್ಕರೆ ಸಿಕ್ಕಿಸಿಟ್ಟ ಡಿಸ್ಕೂ ಜೊತೆಗೇ ಹೋಗುತ್ತದೆ.

ಅಮಾನತ್ತಿಗೆ ಇನ್ನೊಂದು ಮುಖವೂ ಇದೆ. ನಮ್ಮ ಡಿಸ್ಕಿನಲ್ಲಿ ಇರುವುದು ಮನೆಯೊಳಗಿನ ಹೆಣ್ಣುಮಕ್ಕಳ, ಮಕ್ಕಳ ಚಿತ್ರಗಳು. ಅಳಿಸಿದ ಕಡತ ಕೂಡಲೇ ಹೋಗುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಆ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೂ ಹೊರತೆಗೆಯಬಹುದು. ಪಾರ್ಟಿಷನ್ ಅಳಿಸಿದರೂ, ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅಷ್ಟೇ. ಹಳೆಯ ಯಂತ್ರ ಮಾರುವ ಮೊದಲು ಹಾರ್ಡ್ ಡಿಸ್ಕಿಗೆ 'ಕ್ವಿಕ್' ಗುರುತು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿ. ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ಇಡೀ ಜಾಗದ ಮೇಲೆ ಸೊನ್ನೆ ಬರೆಯುತ್ತದೆ. ಗಂಟೆಗಟ್ಟಲೆ ಹಿಡಿದರೂ ಹಿಡಿಯಲಿ. ಎಸ್‌ಎಸ್‌ಡಿಗೆ ಅದರ ತಯಾರಕರು ಕೊಡುವ ಸುರಕ್ಷಿತವಾಗಿ ಅಳಿಸುವ ತಂತ್ರಾಂಶ ಬಳಸಿ. ಕೆಟ್ಟ ಡಿಸ್ಕನ್ನು ಗುಜರಿಗೆ ಹಾಗೇ ಕೊಡಬೇಡಿ. ತಟ್ಟೆಗಳನ್ನು ಒಡೆದು ಕೊಡಿ. ಮೂರನೇ ಪ್ರತಿ ಬೇರೆ ಮನೆಯಲ್ಲಿಡುವಾಗ ಪಾಸ್‌ವರ್ಡ್ ಹಾಕಿಯೇ ಇಡಿ.

ಪ್ರೀತಿಯ ವಿದ್ಯಾರ್ಥಿಗಳೇ, ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಎಡಗಡೆ 'ಡಿಸ್ಕ್ 0', 'ಡಿಸ್ಕ್ 1' ಎಂದು ಬರೆದಿರುತ್ತದೆ. ಅಕ್ಷರಗಳನ್ನು ಎಣಿಸಬೇಡಿ, ಆ ಅಂಕಿಗಳನ್ನು ಎಣಿಸಿ. ನಿಮ್ಮ ಫೋಟೋಗಳೂ ಅವುಗಳ ಬ್ಯಾಕಪ್ಪೂ ಒಂದೇ ಅಂಕಿಯ ಎದುರಿಗಿದ್ದರೆ, ನಿಮ್ಮ ಬಳಿ ಬ್ಯಾಕಪ್ ಇಲ್ಲ. ಇದಿಷ್ಟನ್ನು ನನಗೆ 2012ಕ್ಕೆ ಮೊದಲು ಯಾರಾದರೂ ಹೇಳಿದ್ದರೆ ಒಂದು ಮನೆಯ ಗೋಡೆಯ ಮೇಲೆ ಇಂದು ಆ ಅಜ್ಜಿಯ ಚಿತ್ರ ಇರುತ್ತಿತ್ತು.

ನಿಮ್ಮ ಕೈಗಳಿಗೆ ಕೌಶಲವನ್ನೂ, ನಿಮ್ಮ ದುಡಿಮೆಗೆ ಬರಕತ್ತನ್ನೂ ಅಲ್ಲಾಹನು ಕರುಣಿಸಲಿ. ಜನ ನಂಬಿ ಒಪ್ಪಿಸಿದ್ದನ್ನು ಕಾಪಾಡಿಕೊಳ್ಳುವ ಶಕ್ತಿಯನ್ನು ನಮಗೆಲ್ಲ ಕೊಡಲಿ, ಆಮೀನ್.